ಒಬ್ಬಳಿಗೆ ಹದಿನಾಲ್ಕು ದಿನ

ಮಂಚದ ಕೆಳಗೆ ಕೈ ಹಾಕಿದರೆ
ಮೊದಲು ಸಿಗುವುದು ಹಳೆ ಚಪ್ಪಲಿ,
ಅದರಾಚೆ ಹುರಿಹಿಟ್ಟಿನ ಡಬ್ಬ.
ಮೈಮೇಲೆ ಚೀಟಿ:
ಹೆಸರು – ರಾಗಿ ಹುರಿಹಿಟ್ಟು.
ವಯಸ್ಸು – ಹನ್ನೊಂದು ದಿನ.
ಗಂಡು/ಹೆಣ್ಣು ಎಂಬಲ್ಲಿ ಗೆರೆ ಎಳೆದಿದ್ದೇನೆ.

ಲ್ಯಾಬಿನಲ್ಲಿ ರಕ್ತದ ಸೀಸೆಗೆ ಅಂಟಿಸುವ ಚೀಟಿ ಇವು.
ಅಚ್ಚು ವಾರೆಯಾಗಿ ಬಂದ ಒಂದು ಕಟ್ಟು,
ಬಿಸಾಡು ಅಂದರು. ತಂದುಕೊಂಡೆ.

ಕೋಲಾರದ ಗಲ್‌ಪೇಟೆ, ಮೂರನೇ ಮಹಡಿ.
ಹತ್ತಡಿಗೆ ಹನ್ನೆರಡಡಿ, ಅಡುಗೆ ಕಟ್ಟೆಯೂ ಅದರಲ್ಲೇ.
ಕಿಟಕಿಯಲ್ಲಿ ಅಂತರಗಂಗೆ ಬೆಟ್ಟದ ಒಂದು ಭುಜ;
ಮಿಕ್ಕ ಬೆಟ್ಟ ಎದುರು ಮನೆಯ ಸಿಂಟೆಕ್ಸ್ ಹಿಂದೆ.

ಆ ವರ್ಷ ಡೆಂಗಿ ಬಂದಾಗ
ನನ್ನ ರಕ್ತ ನಾನೇ ಎಳೆದುಕೊಂಡೆ,
ಪ್ಲೇಟ್‌ಲೆಟ್ ನಾನೇ ಎಣಿಸಿದೆ. ಎಂಬತ್ತೆರಡು ಸಾವಿರ.
ಸಹಿ ಹಾಕಿ, ಮನೆಗೆ ಬಂದು ಮಲಗಿದೆ.
ನಾಲ್ಕು ದಿನ ಮೆಟ್ಟಿಲು ಇಳಿಯಲಾಗಲಿಲ್ಲ.
ಮನೆಯಲ್ಲಿದ್ದದ್ದು ಅರ್ಧ ಪ್ಯಾಕೆಟ್ ರಸ್ಕು,
ತಳ ಕಂಡ ಮಾವಿನ ಉಪ್ಪಿನಕಾಯಿ,
ಫೋನಿನಲ್ಲಿ ಮುನ್ನೂರು ಹೆಸರು.
ಯಾರನ್ನು ಕರೆಯಲಿ ಅಂತ ಬೆರಳಾಡಿಸುತ್ತ
ರಸ್ಕು ಮುಗಿಯಿತು.

ಎದ್ದ ಮೇಲೆ ಶೆಟ್ಟರ ಅಂಗಡಿಗೆ ಹೋದೆ.
ಅವಲಕ್ಕಿ, ಹುರಿಗಡಲೆ, ಬೆಲ್ಲ, ಕಡಲೆಕಾಯಿ ಬೀಜ.
“ಏನಮ್ಮಾ, ಮನೇಲಿ ದೇವರ ಕಾರ್ಯವಾ?”
“ಇಲ್ಲ.”
“ಎಷ್ಟು ಜನ ಇದೀರ?”
“ಒಬ್ಬಳು.”
ತಕ್ಕಡಿಯ ಮುಳ್ಳು ನಿಲ್ಲುವ ತನಕ
ಅವರು ನನ್ನನ್ನೇ ನೋಡಿದರು.

ಹಗೇವಿಗೆ ಇಳಿಯುವ ಮುಂಚೆ
ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕಂತೆ, ಅಜ್ಜಿ ಹೇಳುತ್ತಿದ್ದಳು.
ದೀಪ ಉಳಿದರೆ ನೀನೂ ಉಳೀತೀಯ.
ಆರಿದರೆ ಬಾಯಿ ತೆರೆದು ಬಿಡು, ಗಾಳಿ ಆಡಲಿ.
ಮೂರನೇ ಮಹಡಿಯಲ್ಲಿ ಹಗೇವು ಎಲ್ಲಿ ತೋಡಲಿ?
ಅಗೆದರೆ ಸಿಗುವುದು ಎರಡನೇ ಮಹಡಿಯವರ ಫ್ಯಾನು.

ಅವರ ಹೆಸರು ಗೊತ್ತಿರಲಿಲ್ಲ.
ಅವರ ಕುಕ್ಕರ್ ಬೆಳಿಗ್ಗೆ ಐದು ಸಲ ಕೂಗುವುದು ಗೊತ್ತಿತ್ತು.

ತಿಂಗಳ ಮೊದಲ ಭಾನುವಾರ
ಎಲ್ಲ ಹೊರಗೆಳೆಯುತ್ತೇನೆ. ಬೇವಿನ ಸೊಪ್ಪು ಬದಲಿಸಿ
ಹಳೆಯದು ಮುಂದಕ್ಕೆ, ಹೊಸದು ಹಿಂದಕ್ಕೆ.
ಇನ್ನೇನು ಮುಗ್ಗಲು ಹಿಡಿಯುವುದನ್ನು ಆ ತಿಂಗಳು ತಿನ್ನುತ್ತೇನೆ.
ಹೊಸ ಅವಲಕ್ಕಿಯ ರುಚಿ
ನಾಲಿಗೆಗೆ ಮರೆತೇ ಹೋಗಿದೆ.

ಒಂದು ಮಂಗಳವಾರ ರಾತ್ರಿ ಎರಡು ಗಂಟೆಗೆ
ಕೆಳಗಿಂದ ಅಳು.
ಮೆಟ್ಟಿಲ ತುಂಬ ಜನ: ಮಾಲೂರಿಂದ, ಬಂಗಾರಪೇಟೆಯಿಂದ,
ಪುಂಗನೂರಿನ ಕಡೆಯಿಂದ, ಸಿಕ್ಕ ಗಾಡಿ ಹತ್ತಿ ಬಂದವರು.
ಬಾಗಿಲಲ್ಲಿ ನಿಂತು ಕೇಳಿದೆ, ಯಾರು?
ಪಿಳ್ಳಮ್ಮ, ಅಂದರು.

ಪಿಳ್ಳಮ್ಮ, ಎಪ್ಪತ್ತೊಂದು, ಹೆಣ್ಣು.
ಮೂರು ತಿಂಗಳಿಂದ ಆ ಸೀಸೆ ನನ್ನ ಕೈಯಲ್ಲಿ ಹಾಯುತ್ತಿತ್ತು.
ಕ್ರಿಯಾಟಿನಿನ್ ವಾರ ವಾರಕ್ಕೂ ಏರುತ್ತಿತ್ತು.
ಆ ಹೆಸರು ನನ್ನ ಕಾಲಡಿಯಲ್ಲೇ ಮಲಗುತ್ತದೆಂದು
ಯಾವ ಚೀಟಿಯಲ್ಲಿತ್ತು?

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.
ಮೆಟ್ಟಿಲ ಮೇಲೆ ಮಕ್ಕಳು ರಚ್ಚೆ ಹಿಡಿದಿದ್ದವು.
ಮೇಲೆ ಬಂದು ಮೊಬೈಲ್ ಟಾರ್ಚ್ ಹಿಡಿದು
ಮಂಚದ ಕೆಳಗೆ ನುಗ್ಗಿದೆ.
ಅವಲಕ್ಕಿ ನೆನೆಸಿದೆ, ಬೆಲ್ಲದ ನೀರಲ್ಲಿ ಹುರಿಹಿಟ್ಟು ಕಲಸಿದೆ.
ಒಬ್ಬಳಿಗೆ ಹದಿನಾಲ್ಕು ದಿನ ಅಂದರೆ
ಹದಿನಾಲ್ಕು ಜನಕ್ಕೆ ಒಂದು ದಿನ, ಸರಿಹೋಗುತ್ತದೆ ಅಂದುಕೊಂಡೆ.
ಮಣ್ಣು ಮಾಡಿ ಬಂದವರೂ ಸೇರಿ
ಮೂವತ್ತಾರಾದರು.
ಕಡೆಗೆ ಕುಡಿಯುವ ನೀರಿನ ಕ್ಯಾನೂ ಬೋರಲಾಯಿತು.
ಯಾರೋ ಮುದುಕ ಬಟ್ಟಲು ಕೈಗಿತ್ತು
“ಹಿಟ್ಟು ಚೆನ್ನಾಗಿ ಹುರಿದಿದೀಯ ಕಣಮ್ಮ” ಅಂದ.
ಅದಕ್ಕೆ ಯಾಕೋ ಅಳು ಬಂತು.

ಹನ್ನೆರಡನೇ ದಿನ ಮಗಳು ಭಾಗ್ಯವತಿ ಡಬ್ಬ ತಂದಳು.
ಬರೀ ಡಬ್ಬ ಕೊಡಬಾರದು ಅಂತ
ಒಳಗೆ ನಾಲ್ಕು ಟೊಮೆಟೊ.
ತಿಕ್ಕಿ ತೊಳೆದು ಚೀಟಿ ಅಳಿಸಿಹೋಗಿತ್ತು.

ಟೊಮೆಟೊ ಕೂಡಿಡುವ ಪದಾರ್ಥವಲ್ಲ.
ಅವತ್ತೇ ಗೊಜ್ಜು ಮಾಡಿದೆ, ಬಿಸಿಬಿಸಿ ತಿಂದೆ.

ಮರುದಿನ ಬೆಳಿಗ್ಗೆ ಕುಕ್ಕರ್ ಕೂಗಿತು.
ಹಾಸಿಗೆಯಲ್ಲೇ ಎಣಿಸಿದೆ.
ನಾಲ್ಕು.
ಹಲ್ಲಿಲ್ಲದವರಿಗೆ ಅನ್ನ ಮೆತ್ತಗಾಗಲು ಕೂಗುತ್ತಿದ್ದ
ಐದನೆಯದಕ್ಕೆ
ಸ್ವಲ್ಪ ಹೊತ್ತು ಕಾದೆ.